ಅಪ್ಪನ ಜೇಬಿನ ಜೇಷ್ಠಮಧು

ಭಾನುವಾರ, ಮಧ್ಯಾಹ್ನ

ಇಡೀ ತರಕಾರಿ ಮಂಡಿಗೇ ಕೇಳುವ ಗಂಟಲಿನ ನನ್ನ ಅಪ್ಪನಿಗೆ,

ಫೋನಿನಲ್ಲಿ ನೀನು ನನಗೆ ಮಾತಾಡಲು ಬಿಡುವುದಿಲ್ಲ. ಟೊಮೇಟೊ ಹರಾಜು ಕೂಗಿದ ಹಾಗೆ "ಚೆನ್ನಾಗಿದ್ದೀನಿ, ಚೆನ್ನಾಗಿದ್ದೀನಿ" ಎಂದು ಕೂಗಿ ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ. ಇದರ ಬಾಯಿ ಮುಚ್ಚಿಸಲು ನಿನ್ನಿಂದ ಆಗುವುದಿಲ್ಲ. ಮಂಡಿಗೆ ಬರುವ ಲಾರಿ ಡ್ರೈವರಣ್ಣನ ಕೈಯಲ್ಲಿ ಕಳಿಸುತ್ತಿದ್ದೇನೆ, ನಾಳೆ ಬೆಳಿಗ್ಗೆ ನಿನಗೆ ಸಿಗುತ್ತದೆ. ಮೂಟೆ ತೂಗುವ ನಿನ್ನ ಗೆಳೆಯ ತಕ್ಕಡಿ ಮಾಮನ ಪಕ್ಕ ಕೂತು ಸಮಾಧಾನವಾಗಿ ಓದು.

ಕಳೆದ ಸಲ ಮನೆಗೆ ಬಂದಾಗ ನಿನ್ನ ಅಂಗಿ ಒಗೆಯಲು ತೆಗೆದರೆ ಜೇಬಿನಿಂದ ಒಂದು ಹಿಡಿ ಜೇಷ್ಠಮಧುವಿನ ಬೇರು ಉದುರಿತು. "ಗಂಟಲಿಗೆ ಕಣೇ, ನೀನೇ ಬರೆದಿದ್ದೀಯಲ್ಲ" ಎಂದು ನಕ್ಕೆ ನೀನು. ಸುಳ್ಳು ಯಾಕೆ ಹೇಳಲಿ, ಹೆಮ್ಮೆಯಾಯಿತು. ನಾನೂ ಗೆಳತಿಯೂ ಅಚ್ಚು ಹಾಕಿಸಿದ "ಮನೆಯೇ ಮದ್ದಿನಂಗಡಿ" ಕರಪತ್ರವನ್ನು ಜನ ಕೈಗೆ ತೆಗೆದುಕೊಂಡು ಬೀದಿಯ ತಿರುವಿನಲ್ಲೇ ಬಿಸಾಡುತ್ತಿದ್ದಾಗ, ಹರಾಜಾದ ಪ್ರತಿ ಮೂಟೆಗೂ ಒಂದೊಂದು ಸಿಕ್ಕಿಸಿ ಕಳಿಸಿದವನು ನೀನು. ಮಂಡಿಯವರೆಲ್ಲ ನಿನ್ನನ್ನು ಡಾಕ್ಟರಪ್ಪ ಎಂದು ಕರೆಯತೊಡಗಿದ್ದೂ ಗೊತ್ತು.

ಆದರೆ ಅವತ್ತು ಸಂಜೆ ನೀನು ಕಾಲುಚೀಲ ಬಿಚ್ಚಿದಾಗ ಕಣಕಾಲಿನ ಸುತ್ತ ಆಳವಾದ ಗುರುತು ಉಳಿದಿತ್ತು. ಒತ್ತಿ ನೋಡಿದೆ, ಹಿಟ್ಟಿನ ಮುದ್ದೆಯಲ್ಲಿ ಬೆರಳು ಇಟ್ಟ ಹಾಗೆ ತಗ್ಗಾಯಿತು. "ನಿಂತು ನಿಂತು ಹಿಂಗಾಗುತ್ತೆ" ಎಂದೆ ನೀನು. ರಕ್ತದೊತ್ತಡದ ಮಾತ್ರೆ ಒಂದಿದ್ದದ್ದು ಎರಡಾದರೂ ಒತ್ತಡ ಇಳಿಯುತ್ತಿಲ್ಲ ಎಂದು ಅಮ್ಮ ಹೇಳಿದಾಗ, ನಾನು ದೊಡ್ಡ ಭಾಷಣಗಾರ್ತಿಯ ಹಾಗೆ ಮಾತ್ರೆಗಳನ್ನೇ ಬೈದೆ. ಆ ಮಾತನ್ನು ವಾಪಸ್ ತೆಗೆದುಕೊಂಡಿದ್ದೇನೆ. ಮಾತ್ರೆ ಒಂದು ಹೊತ್ತೂ ತಪ್ಪಬಾರದು. ಕೇಳಿಸಿತಾ?

ನಿನ್ನ ಕಾಲು ಮನಸ್ಸಿನಿಂದ ಹೋಗಲಿಲ್ಲ. ನಾನು ಕೆಲಸ ಮಾಡುವ ಬಟ್ಟೆ ಅಂಗಡಿಯ ಎದುರು ಒಬ್ಬ ವೈದ್ಯೆ ಇದ್ದಾರೆ, ಬೇರು ಸೊಪ್ಪುಗಳ ಮದ್ದನ್ನೇ ಕಾಲೇಜಿನಲ್ಲಿ ಓದಿದವರು. ನಮ್ಮ ಹಾಗೆ ಬೇರಿನ ಕಡೆಯವರೇ ಎಂಬ ಧೈರ್ಯದಿಂದ ನಿನ್ನ ವಿಷಯ ಹೇಳಿದೆ. ಅವರು ಕನ್ನಡಕ ತೆಗೆದಿಟ್ಟು ಕೇಳಿದರು, "ಬಿಪಿ ಇರೋರು ದಿನವಿಡೀ ಜೇಷ್ಠಮಧು ಅಗೀತಾರೇನಮ್ಮಾ? ನಿಮ್ಮಪ್ಪಂಗೆ ಹೇಳೋರು ಯಾರೂ ಇಲ್ವಾ?" ತುಂಬಾ ದಿನ ತಿಂದರೆ ಅದು ಮೈಯಲ್ಲಿ ನೀರು ನಿಲ್ಲಿಸುತ್ತದಂತೆ, ಒತ್ತಡ ಏರಿಸುತ್ತದಂತೆ, ಸುಸ್ತು ತರುತ್ತದಂತೆ, ಎದೆಬಡಿತವನ್ನೂ ಕೆಡಿಸಬಹುದಂತೆ. ನಮ್ಮ ಕರಪತ್ರದಲ್ಲಿ ಗಂಟಲಿಗೆ ಒಳ್ಳೆಯದು ಎಂದಷ್ಟೇ ಇದೆ. ಯಾರಿಗೆ ಆಗುವುದಿಲ್ಲ ಎಂಬ ಮಾತು ಇಲ್ಲ. ಉಳಿದ ಕಟ್ಟನ್ನೆಲ್ಲ ಮೂಲೆಗೆ ಸೇರಿಸಿದ್ದೇನೆ. ಹೊಸದರಲ್ಲಿ ಆ ಮಾತೇ ಎಲ್ಲಕ್ಕಿಂತ ಮೇಲೆ, ದಪ್ಪಕ್ಷರದಲ್ಲಿ.

ಹಾಗೆಂದು ನಾನು ಸೋತು ಮಾತ್ರೆಯವರ ಕಡೆ ಸೇರಿಕೊಂಡೆ ಎಂದು ತಿಳಿಯಬೇಡ. ಈಗಲೂ ಹೇಳುತ್ತೇನೆ, ಬೇರಿಗೆ ಶಕ್ತಿಯಿದೆ. ಶಕ್ತಿಯಿರುವುದಕ್ಕೇ ಅದು ಗಂಟಲನ್ನು ಸವರುತ್ತದೆ, ಶಕ್ತಿಯಿರುವುದಕ್ಕೇ ಕಾಲನ್ನು ಊದಿಸುತ್ತದೆ. "ಬರೀ ಬೇರು ತಾನೇ, ಏನು ಮಾಡೀತು" ಎನ್ನುವವನು ಬೇರಿಗೆ ಅವಮಾನ ಮಾಡುತ್ತಾನೆ ಅಪ್ಪಾ. ಮದ್ದು ಎಂದು ನಂಬಿದ ಮೇಲೆ ಮದ್ದಿನ ಮರ್ಯಾದೆ ಕೊಡಬೇಕು. ಎಷ್ಟು, ಯಾರಿಗೆ, ಯಾವ ಮಾತ್ರೆಯ ಜೊತೆ ಎಂದು ಕೇಳಬೇಕು.

ಇವತ್ತಿನಿಂದ ಅದನ್ನು ಅಗಿಯಬೇಡ. ಬಿಸಿನೀರು ಗುಟುಕು ಗುಟುಕಾಗಿ ಕುಡಿ, ಸಂಜೆ ಹಬೆ ತಗೋ. ಹರಾಜು ಮುಗಿದ ಮೇಲಾದರೂ ಸುಮ್ಮನಿರು, ಅಮ್ಮನಿಗೂ ಸ್ವಲ್ಪ ಮಾತಾಡಲು ಸಿಗಲಿ. ಇನ್ನೊಂದು, ಅಷ್ಟು ದೊಡ್ಡ ಮಂಡಿಗೆ ಒಂದು ಮೈಕು ಯಾಕಿಲ್ಲ? ನಿನ್ನ ಗಂಟಲು ಹರಿದರೆ ಅವರ ವ್ಯಾಪಾರ! ಅರ್ಜಿ ನಾನು ಬರೆಯುತ್ತೇನೆ, ಸಹಿ ನೀನು ಹಾಕು.

ಸೋಮವಾರ ಸಂಜೆ, ಅಂದರೆ ಈ ಕಾಗದ ನಿನ್ನ ಕೈಗೆ ಸಿಗುವ ದಿನವೇ, ಡಾಕ್ಟರ ಹತ್ತಿರ ನಿನ್ನ ಸರದಿ. ಬೇರಿನ ವಿಷಯ ಹೇಳದೆ ಹೋದರೆ ಅವರು ಮಾತ್ರೆ ಇನ್ನೂ ಏರಿಸುತ್ತಾರೆ, ಅವರಿಗೇನು ಗೊತ್ತು ನಿನ್ನ ಜೇಬಿನ ಸಂಗತಿ. "ಬೇರೆ ಏನಾದ್ರೂ ತಗೋತೀರಾ?" ಎಂದು ಕೇಳಿದಾಗಲೆಲ್ಲ "ಏನೂ ಇಲ್ಲ ಸಾರ್" ಎನ್ನುತ್ತೀಯಂತೆ. ಈ ಸಲ ಆ ಬೇರನ್ನು ತೆಗೆದು ಅವರ ಮೇಜಿನ ಮೇಲೆ ಇಡು. ಮಧ್ಯಾಹ್ನದ ಬಸ್ಸಿಗೆ ನಾನೂ ಬರುತ್ತೇನೆ. ಡಾಕ್ಟರ ಜೊತೆ ವಾದಕ್ಕಿಳಿಯುವುದಿಲ್ಲ, ಆಣೆಗೂ. ನನ್ನ ಬಾಯಿ ತೆರೆಯುವ ಹಾಗೆ ಕಂಡರೆ ಮೇಜಿನ ಕೆಳಗೆ ಕಾಲು ತುಳಿ, ಆದರೆ ಮೆಲ್ಲಗೆ.

ನಿನ್ನ ಎರಡು ಪಟ್ಟು ಗಂಟಲಿನ,
ಜಗಳಗಂಟಿ

ಮುಚ್ಚುವ ಮುಂಚೆ: ಕೈ ತರಚಿದ್ದು ಬಚ್ಚಲಲ್ಲಿ ಜಾರಿ ಎಂದೆಯಲ್ಲ, ಅದನ್ನು ಅಮ್ಮ ನಂಬಿದ್ದಾಳೆ. ತಕ್ಕಡಿ ಮಾಮ ನನಗೆ ಫೋನು ಮಾಡಿದ್ದ. ಬದನೆಕಾಯಿ ಕೂಗುತ್ತಾ ಕೂಗುತ್ತಾ ಕಟ್ಟೆಯ ಮೇಲೇ ಕುಸಿದೆಯಂತೆ. ಮತ್ತೆ ತಲೆ ತಿರುಗಿದರೆ, ಎದೆ ಡವಡವ ಎಂದರೆ ನನಗಾಗಿ ಕಾಯಬೇಡ, ತಕ್ಷಣ ಮಾಮನ ಜೊತೆ ಆಸ್ಪತ್ರೆಗೆ ಹೋಗು. "ಬೇರಿನ ವಿಷಯ ಡಾಕ್ಟರಿಗೆ ಯಾಕೋ ಹೇಳಲಿಲ್ಲ?" ಎಂದು ಮಾಮ ಬೈದರೆ, "ಹೇಳಿದ್ರೆ ನನ್ನ ಮಗಳು ಬರೆದಿದ್ದನ್ನ ನೋಡಿ ನಗ್ತಾರೆ ಕಣೋ" ಎಂದೆಯಂತೆ. ನಗಲಿ ಬಿಡಪ್ಪ. ಕರಪತ್ರವನ್ನೂ ತರುತ್ತೇನೆ, ನೀನು ಬೇರು ಇಟ್ಟ ಜಾಗದಲ್ಲೇ ನಾನು ಅದನ್ನೂ ಇಡುತ್ತೇನೆ.