ತಾ ಹೇಕ್ ಮೂಲೆಯ ಹಸಿ ಮಣ್ಣು

ಬರ ಅಳೆಯುವ ಪ್ರಾಂತ ಕಚೇರಿಯ ಮುಖ್ಯಸ್ಥರಿಗೆ,

ಮಾನ್ಯರೇ,

ನಮ್ಮ ಊರಿನ ಗದ್ದೆಗಳು ಒಣಗಿವೆ. ನಿಮ್ಮ ನಕ್ಷೆಯಲ್ಲಿ ಮಾತ್ರ ಒದ್ದೆಯಾಗಿವೆ. ಮೂನ್ ನದಿಯ ಆಚೆ ದಡಕ್ಕೆ ಕೆಂಪು ಬಣ್ಣ, ಈಚೆಯ ನಮಗೆ ಹಸಿರು. ಹಿಂದಿನ ವರ್ಷಗಳ ಜೊತೆ ಹೋಲಿಸಿ, ನಮ್ಮ ಭಾಗದ ಸಾಗುವಳಿ ಭೂಮಿಯ ತೇವಾಂಶ ‘ಗಮನಾರ್ಹವಾಗಿ ಸುಧಾರಿಸಿದೆ’, ಬರಕ್ಕೆ ತುತ್ತಾಗುವ ಸಾಧ್ಯತೆ ‘ಕಡಿಮೆ’ ಎಂದು ಬರೆದಿದ್ದೀರಿ. ಆದ್ದರಿಂದ ನದಿಯಿಂದ ನೀರೆತ್ತುವ ದೊಡ್ಡ ಪಂಪು ಆಚೆ ದಡಕ್ಕೆ ಹೋಯಿತು. ಅದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ. ಆಚೆ ನನ್ನ ತಂಗಿ ಇದ್ದಾಳೆ, ಅವಳ ಗದ್ದೆಯೂ ಒಣಗಿದೆ. ಆದರೆ ಒಂದೇ ಮೋಡಕ್ಕೆ ಕಾದು ಕೂತ ಎರಡು ದಡಗಳಲ್ಲಿ ಒಂದು ಮಾತ್ರ ಹೇಗೆ ನೆನೆಯಿತು?

ತುಂಗ್ ಕುಲಾ ಬಯಲಿನಲ್ಲಿ ನಾವು ಒಣ ಮಣ್ಣಿಗೇ ಭತ್ತ ಎರಚಿ ಮಳೆಗೆ ಕಾಯುವವರು. ಈ ಸಲ ಮೊದಲು ಎರಚಿದ್ದನ್ನು ಹಕ್ಕಿಗಳು ತಿಂದವು. ಮತ್ತೆ ಎರಚಿದೆವು. ಮೊಳೆತು ಬೆರಳುದ್ದ ಬಂದ ಪೈರು ಈಗ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತಿದೆ. ಬರುವ ಹುಣ್ಣಿಮೆಯೊಳಗೆ ನೀರು ಸಿಗದಿದ್ದರೆ ಹೋಯಿತು. ಮೂರನೆಯ ಸಲ ಎರಚಲು ಯಾರ ಮನೆಯಲ್ಲೂ ಬೀಜವಿಲ್ಲ.

ನಿಮ್ಮ ನಕ್ಷೆಯನ್ನು ಊರ ಮುಖ್ಯಸ್ಥ ಥೋಂಗ್‌ದಾಮ್ ವಿಹಾರದ ಜಗುಲಿಯಲ್ಲಿ ಅಂಟಿಸಿದ. ಪಕ್ಕದ ಮನೆಯ ಸೂನ್ ಅತ್ತಿಗೆ ಕಣ್ಣು ಕಿರಿದು ಮಾಡಿ ನೋಡಿದಳು.

“ಎಷ್ಟು ಚೆಂದದ ಹಸಿರು ಕಣೋ. ಎಮ್ಮೆ ಹೊಡ್ಕೊಂಡು ಬರ್ಲಾ, ಇದನ್ನೇ ಮೇಯ್ಲಿ?”

“ನನ್ನನ್ಯಾಕೆ ಚುಚ್ತೀಯಕ್ಕ? ಬಣ್ಣ ಬಳಿದೋನು ನಾನಾ?”

“ಹಾಗಾದ್ರೆ ಬಳಿದೋರ್ನ ಕರ್ಕೊಂಡು ಬಾ. ಬರಿಗಾಲಲ್ಲಿ ನಮ್ಮ ಗದ್ದೆ ದಾಟ್ಲಿ, ನೋಡೋಣ.”

ಥೋಂಗ್‌ದಾಮ್ ಫೋನಿನ ಮೇಲೆ ಫೋನು ಮಾಡಿದ ಮೇಲೆ ನಿಮ್ಮ ಕಚೇರಿಯಿಂದ ವಿಲೈ ಎಂಬ ಹುಡುಗಿ ಬಂದಳು. ಕೆಲವು ವರ್ಷಗಳ ಹಿಂದೆ ನಮ್ಮ ಗದ್ದೆಯಲ್ಲಿ ತೇವ ಅಳೆಯುವ ಕೋಲು ನೆಟ್ಟವಳು ಅವಳೇ. “ಆಕಾಶದಿಂದ ನೋಡೋ ಯಂತ್ರ ಹೇಳಿದ್ದು ಸರೀನಾ ಅಂತ ನೆಲದ ಕೋಲನ್ನ ಕೇಳ್ತೀವಿ ಅಜ್ಜಿ. ಈ ದಡಕ್ಕೆಲ್ಲಾ ಇರೋದು ನಿಮ್ಮ ಕೋಲೊಂದೇ,” ಎಂದಳು. ಕೇಳಿದ್ದೇ ನಾನು ಆ ಕೋಲಿನ ಬುಡದ ಹಸಿ ಮಣ್ಣನ್ನು ನೋಡಿದೆ.

ಕೋಲು ನೆಡುವ ದಿನ ಅವಳು ನನ್ನ ಗಂಡ ಖಾಮ್‌ಸಿಂಗ್ ಅವರನ್ನು ಕೇಳಿದ್ದಳು, “ತಾತ, ಯಾರೂ ತುಳಿಯದ, ನೇಗಿಲು ಹೋಗದ ಜಾಗ ತೋರ್ಸಿ.” ನಮ್ಮ ಗದ್ದೆಯಲ್ಲಿ ಅಂಥ ಜಾಗ ಒಂದೇ: ಗದ್ದೆ ಕಾಯುವ ಹಿರಿಯ ತಾ ಹೇಕ್‌ನ ಮೂಲೆ. ಅಲ್ಲಿ ಅವನಿಗೊಂದು ಪುಟ್ಟ ಬಿದಿರ ಗುಡಿ. ವರ್ಷದ ಮೊದಲ ಹಿಡಿ ಭತ್ತವನ್ನು ಅಲ್ಲೇ ಎರಚುತ್ತೇವೆ, ಅಂಟಕ್ಕಿ ಅನ್ನ, ಮೊಟ್ಟೆ, ಒಂದು ಗುಟುಕು ಕಳ್ಳು ಇಡುತ್ತೇವೆ. “ಸರ್ಕಾರದ ನೆಂಟ ಅಲ್ವಾ, ಹಿರಿಯರ ಪಕ್ಕದಲ್ಲೇ ಕೂರ್ಲಿ,” ಎಂದರು ನನ್ನವರು. ಅಷ್ಟಕ್ಕೇ ನಿಲ್ಲಿಸಲಿಲ್ಲ. “ಮನೆಗೆ ಬಂದ ನೆಂಟನ ಬಾಯಿ ಒಣಗಬಾರ್ದು,” ಎಂದು ದಿನಾ ಆ ಬುಡಕ್ಕೆ ಒಂದು ಕೊಡ ನೀರು ಹೊಯ್ದರು. ಆ ಮೂಲೆಯಲ್ಲಿ ಏನು ನಡೆಯುತ್ತದೆ ಎಂದು ನಿಮ್ಮ ಕಚೇರಿ ಕೇಳಲಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಹೇಳಬೇಕೆಂದು ನಮಗೂ ಹೊಳೆಯಲಿಲ್ಲ.

ವಿಲೈ ಫೋನಿನಲ್ಲಿ ಒಂದು ಗೆರೆ ತೋರಿಸಿದಳು. ಮೊದಮೊದಲು ಸಣ್ಣಗೆ ಏರಿಳಿಯುತ್ತಿದ್ದ ಗೆರೆ ಒಂದು ಕಡೆ ಮೆಟ್ಟಿಲು ಹತ್ತಿದಂತೆ ಮೇಲಕ್ಕೆ ಹೋಗಿ, ಮತ್ತೆ ಇಳಿದಿರಲಿಲ್ಲ.

“ಕಳೆದ ವರ್ಷ ಬೇಸಿಗೇಲಿ, ಸೋಂಗ್‌ಕ್ರಾನ್ ಹಬ್ಬ ಮುಗಿದ ಮೇಲೆ ಹೀಗಾಗಿದೆ ಅಜ್ಜಿ. ಆಗ ಒಳ್ಳೆ ಮಳೆ ಬಂದಿತ್ತಾ?”

“ಇಲ್ಲ ಮಗಳೇ. ಆಗ ಇವರು ಹೋದ್ರು.”

ಅವಳು ಫೋನು ಕೆಳಗಿಟ್ಟಳು.

ಮಾನ್ಯರೇ, ಅಂದಿನಿಂದ ನಾನು ಬೆಳಿಗ್ಗೆ ಭಿಕ್ಕುಗಳಿಗೆ ಅನ್ನ ನೀಡಿ, ಆ ಪುಣ್ಯ ನನ್ನವರಿಗೆ ಸೇರಲಿ ಎಂದು ಅವರ ಹೆಸರು ಹೇಳಿ ನೀರು ಬಿಡುತ್ತೇನೆ. ಬೇರೆಯವರು ಮರದ ಬುಡಕ್ಕೆ ಬಿಡುತ್ತಾರೆ. ನಾನು ನನ್ನವರು ನಿಲ್ಲುತ್ತಿದ್ದ ತಾ ಹೇಕ್ ಮೂಲೆಗೆ ಬಿಡುತ್ತೇನೆ. ಸಣ್ಣ ತಂಬಿಗೆಯಲ್ಲಿ ನನಗೆ ಸಮಾಧಾನವಾಗುವುದಿಲ್ಲ. ಅವರು ಹೊಯ್ಯುತ್ತಿದ್ದ ಕೊಡವನ್ನೂ ಹೊಯ್ಯುತ್ತೇನೆ, ನನ್ನದೊಂದನ್ನೂ ಹೊಯ್ಯುತ್ತೇನೆ. ನೀವು ವರ್ಷದಿಂದ ವರ್ಷಕ್ಕೆ ಹೋಲಿಸಿ ಕಂಡುಹಿಡಿದ ಗಮನಾರ್ಹ ಸುಧಾರಣೆ ಇದೇ. ನನ್ನ ಗಂಡ ಸತ್ತಿದ್ದರಿಂದ ನಮ್ಮ ದಡದ ಮಣ್ಣು ಸುಧಾರಿಸಿತು.

ಆ ಹುಡುಗಿಯನ್ನು ಬೈಯಬೇಡಿ. ಕೋಲನ್ನು ಅಂದೇ ಕಿತ್ತು ಗದ್ದೆಯ ನಡುವೆ ನೆಡಲು ಅವಳು ಸಿದ್ಧಳಿದ್ದಳು, ಅನುಮತಿ ಇರಲಿಲ್ಲ. ನಡೆದದ್ದನ್ನೆಲ್ಲ ಬರೆದು ನಿಮಗೆ ಕಳಿಸಿದಳು. ನಿಮ್ಮ ಉತ್ತರವೂ ಬಂತು: ‘ಸಾಧನದ ಬಳಿ ನೀರು ಹಾಕುವುದನ್ನು ಕೂಡಲೇ ನಿಲ್ಲಿಸತಕ್ಕದ್ದು. ನಕ್ಷೆಯ ತಿದ್ದುಪಡಿಯನ್ನು ಮುಂದಿನ ಹಂಗಾಮಿನಲ್ಲಿ ಪರಿಶೀಲಿಸಲಾಗುವುದು.’ ‘ಕೂಡಲೇ’ ನನಗೆ, ‘ಮುಂದಿನ ಹಂಗಾಮು’ ನಿಮಗೆ. ಪೈರಿಗೆ ಅಲ್ಲಿಯವರೆಗೆ ಕಾದಿರುವಂತೆ ಒಂದು ಸುತ್ತೋಲೆ ಕಳಿಸಿದ್ದೀರಾ? ಓದಿ ಹೇಳಲು ಸೂನ್ ಅತ್ತಿಗೆ ತಯಾರಾಗಿದ್ದಾಳೆ.

ನಾನು ನಾಲ್ಕನೆಯ ತರಗತಿ ಓದಿದವಳು. ಎರಡು ಸೀಮೆಗಳ ಬರವನ್ನು ತೂಗುವುದು ಕಷ್ಟದ ಕೆಲಸವೆಂದು ಒಪ್ಪುತ್ತೇನೆ. ಆದರೆ ತಪ್ಪು ಎಲ್ಲಿ ನುಸುಳಿತೆಂದು ಗೊತ್ತಾದ ಮೇಲೂ ಅದೇ ತಕ್ಕಡಿಯಲ್ಲಿ ತೂಗುವುದನ್ನು ಏನೆನ್ನಬೇಕು?

ಕೋಲನ್ನು ಕಿತ್ತು ಗದ್ದೆಯ ನಡುವೆ, ನನ್ನ ಅಂಗೈ ಇಳಿಯುವಷ್ಟು ಬಿರುಕು ಬಿಟ್ಟ ಕಡೆ ನೆಡಿಸಿ. ಹುಣ್ಣಿಮೆಯೊಳಗೆ ನಮ್ಮ ದಡಕ್ಕೂ ಪಂಪು ಕಳಿಸಿ, ತಂಗಿಯ ದಡದ್ದನ್ನು ಕಿತ್ತುಕೊಂಡಲ್ಲ. ನೀರು ಹೊಯ್ಯುವುದನ್ನು ಮಾತ್ರ ನಾನು ನಿಲ್ಲಿಸಲಾರೆ. ಅದು ನಿಮ್ಮ ಕೋಲಿಗೆಂದು ಹೊಯ್ಯುವ ನೀರಲ್ಲ.

ಹೇಗೂ ಮನೆಯ ಮಳೆನೀರಿನ ಜಾಡಿಯ ತಳ ಕಾಣುತ್ತಿದೆ. ಅದು ಬರಿದಾದ ದಿನ ನಿಮ್ಮ ನಕ್ಷೆಯಲ್ಲಿ ನಾವು ತಂತಾನೇ ಕೆಂಪಾಗುತ್ತೇವೆ. ಆಗ ಪಂಪು ಕಳಿಸಿದರೆ ನೆನೆಸಲು ಪೈರಿರುವುದಿಲ್ಲ.

ಇಂತಿ,
ನಿಮ್ಮ ಹಸಿರು ಬಣ್ಣಕ್ಕೆ ದಿನಾ ಎರಡು ಕೊಡ ನೀರು ಹೊರುವ
ಖಾಮ್‌ಸಿಂಗ್ ಅವರ ಹೆಂಡತಿ ಬುವಾಲೈ