ಬೆರೆಸಿದ ಮಾತ್ರೆಗಳು

ಮನೆಯಿಂದ,
ಹದಿನಾಲ್ಕನೇ ತಾರೀಖು, ಶುಕ್ರವಾರ

ಪ್ರೀತಿಯ ಅಕ್ಕಾ,

ನಿನ್ನ ಸೊಂಟನೋವು ಹೇಗಿದೆ? ನೀನು ನೋಡಿಕೊಳ್ಳುವ ಆ ಅಜ್ಜಿಯನ್ನು ಒಬ್ಬಳೇ ಎತ್ತಬೇಡ, ಯಾರನ್ನಾದರೂ ಕೂಗು. ನಾನು ಚೆನ್ನಾಗಿದ್ದೇನೆ. ಟೈಲರ್ ಅಂಗಡಿಯಲ್ಲಿ ಗುಂಡಿ ಹಚ್ಚುವ ಕೆಲಸ ಬಿಡಿಸಿ ಈಗ ಕಾಲರ್ ಹೊಲಿಯಲು ಕೊಟ್ಟಿದ್ದಾರೆ.

ಗಡ್ಡೆಗೆ ಕೊಟ್ಟ ರೇಡಿಯೇಷನ್ನಿನಿಂದ ಅಪ್ಪನ ಶ್ವಾಸಕೋಶ ಬೆಂದಿದೆ, ಅದಕ್ಕೇ ಈ ಒಣಕೆಮ್ಮು, ಏದುಸಿರು ಎಂದು ಡಾಕ್ಟರಮ್ಮ ಹೇಳಿದ್ದು ನಿನಗೆ ಗೊತ್ತಲ್ಲ. ಒಳಗೆ ತುಕ್ಕು ಹಿಡಿದ ಹಾಗೆ ಆಗುತ್ತದಂತೆ. ಆಂಟಿಆಕ್ಸಿಡೆಂಟ್ ಎನ್ನುವ ಮಾತ್ರೆ ಅದನ್ನು ತಡೆಯಬಹುದು, ತಡೆಯದೆಯೂ ಇರಬಹುದು. ಅದನ್ನು ತಿಳಿಯುವುದಕ್ಕೆ ಆಸ್ಪತ್ರೆಯವರು ಒಂದು ಪರೀಕ್ಷೆ ನಡೆಸುತ್ತಿದ್ದಾರೆ: ಅರ್ಧ ಜನರಿಗೆ ನಿಜವಾದ ಮಾತ್ರೆ, ಉಳಿದವರಿಗೆ ಅದೇ ಬಣ್ಣದ, ಔಷಧಿಯಿಲ್ಲದ ಮಾತ್ರೆ. ಯಾರಿಗೆ ಯಾವುದೆಂದು ಡಾಕ್ಟರಮ್ಮನಿಗೂ ತಿಳಿಯದು. ಅಪ್ಪನೂ, ಅವನ ಬೀಗದ ಅಂಗಡಿಯ ಪಕ್ಕದ ಗಡಿಯಾರದ ಮಾಮನೂ ಅದಕ್ಕೆ ಸೇರಲು ಸಹಿ ಹಾಕಿದರು. ಮಾಮನಿಗೂ ಅದೇ ಕಾಯಿಲೆ ತಾನೆ.

ಹೋದ ವಾರ ಊಟ ಕೊಡಲು ಹೋಗಿ ನೋಡುತ್ತೇನೆ, ಮಾಮ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಇಬ್ಬರ ಡಬ್ಬಿಯನ್ನೂ ಮೇಜಿನ ಮೇಲೆ ಸುರಿದು, ಚಿಮುಟದಲ್ಲಿ ನಿನಗೊಂದು ನನಗೊಂದು ಎಂದು ಹಂಚುತ್ತಿದ್ದಾರೆ! ಮೊದಲ ದಿನದಿಂದಲೂ ಹೀಗೇ ಅಂತೆ. "ಒಬ್ರಿಗೆ ಪೂರ್ತಿ, ಒಬ್ರಿಗೆ ಸೊನ್ನೆ ಯಾಕೆ? ಇಬ್ರಿಗೂ ಅರ್ಧರ್ಧ ಸಿಗ್ಲಿ ಬಿಡು" ಎಂದ ಅಪ್ಪ. ಮಾಮ, "ಬಾಯಿ ಬಿಟ್ಟೀಯ, ಜೋಕೆ" ಎಂದರು. "ಇವಳಾ? ಹಲ್ಲು ಕೀಳೋವಾಗ್ಲೂ ಬಾಯಿ ಬಿಟ್ಟವಳಲ್ಲ" ಎಂದು ಅಪ್ಪ ನಕ್ಕು ನಕ್ಕು ಕೆಮ್ಮಿದ.

ನಾನೂ ನಕ್ಕೆ. ಆಮೇಲೆ ಮೆಷಿನ್ ಮುಂದೆ ಕೂತಾಗ ಯೋಚನೆ ಹತ್ತಿತು. ಅಪ್ಪ ಈಗ ಮೆಟ್ಟಿಲಿನ ನಡುವೆ ನಿಲ್ಲದೆ ಮೇಲೆ ಬರುತ್ತಾನೆ. ಮಾತ್ರೆ ಬೆರೆಸಿದ್ದು ಗೊತ್ತಿಲ್ಲದೆ ಡಾಕ್ಟರಮ್ಮ ಅದನ್ನು ಸಂತೋಷದಿಂದ ಬರೆದುಕೊಳ್ಳುತ್ತಾರೆ. ಆ ಬರಹ ನಂಬಿ ನಾಳೆ ಇನ್ಯಾರದೋ ಅಪ್ಪನಿಗೆ ಮಾತ್ರೆ ಕೊಡುತ್ತಾರೆ, ಇಲ್ಲವೇ ಕೊಡದೆ ಬಿಡುತ್ತಾರೆ. ಹೇಳಿದರೆ ನಮ್ಮ ಅಪ್ಪನ ಮಾತ್ರೆ ನಿಲ್ಲುತ್ತದೆ. ನೀನಿದ್ದಿದ್ದರೆ ಏನು ಮಾಡುತ್ತಿದ್ದೆ?

ಅಪ್ಪನ ಆಶೀರ್ವಾದ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ತಂಗಿ,
ಪುಟ್ಟಿ

ತಾ.ಕ.: ಮೇಲೆ ಬರೆಯಲು ಹೆದರಿದೆ ಅಕ್ಕಾ. ಮೊನ್ನೆ ನಾನೇ ಡಾಕ್ಟರಮ್ಮನಿಗೆ ಹೇಳಿದೆ. ಅವರು ಬೈಯಲಿಲ್ಲ. ಪೆನ್ನು ತೆಗೆದು ಇಬ್ಬರ ಹಾಳೆಗೂ ಅಡ್ಡಗೆರೆ ಎಳೆದರು. ಇಬ್ಬರ ಮಾತ್ರೆಯೂ ನಿಂತಿತು. ಹೇಳಿದ್ದು ಮಾಮನೇ ಎಂದುಕೊಂಡು ಅಪ್ಪ ಅವರ ಜೊತೆ ಮಾತು ಬಿಟ್ಟಿದ್ದಾನೆ. ಮಾಮನಿಗೆ ನಾನೇ ಎಂದು ಗೊತ್ತು. ಆದರೂ ನನ್ನ ಹೆಸರೆತ್ತದೆ ತಪ್ಪು ತಾವೇ ಹೊತ್ತುಕೊಂಡಿದ್ದಾರೆ. ಇವತ್ತು ಸಂಜೆ ಅಪ್ಪನ ಮುಂದೆ ನಿಂತು ಹೇಳಿಬಿಡುತ್ತೇನೆ. ಮೊದಲು ನಿನಗೆ ಬರೆದು ಅಭ್ಯಾಸ ಮಾಡಿಕೊಂಡೆ.