ತಲೆಯಾಡಿಸುವ ಮುನ್ನ

ಗ್ರೀನ್‌ಫರ್ಡ್
೧೮ ಏಪ್ರಿಲ್ ೨೦೧೬, ಸೋಮವಾರ

ರಘು ಅವರಿಗೆ,

ಪಂದ್ಯದ ಮರುದಿನ. ಕೆಲಸಕ್ಕೆ ರಜೆ ಹಾಕಿ, ಅಡುಗೆಮನೆಯ ಮೇಜಿನ ಮೇಲೆ ಕಾಗದ ಹಾಸಿಕೊಂಡು ಕೂತಿದ್ದೇನೆ. ನಿನ್ನೆ ಎರಡೂ ತಂಡದವರು ಕೈಕುಲುಕುವಾಗ ನಾವಿಬ್ಬರೂ ಮಾತಾಡಲಿಲ್ಲ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀವು ನಡುವೆ ಬಾಯಿ ಹಾಕುತ್ತೀರಿ. ಇದನ್ನು ಕೊನೆತನಕ ಹೇಳಬೇಕಿದೆ.

ಅಮೆರಿಕನ್ ಫುಟ್‌ಬಾಲ್ ನನಗೆ ಹೇಳಿಕೊಟ್ಟದ್ದು ನೀವು. ಮದುವೆಯಾದ ಹೊಸತರಲ್ಲಿ, ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಓಡುವುದಕ್ಕೆ ಫುಟ್‌ಬಾಲ್ ಅಂತ ಯಾಕೆ ಹೆಸರು ಎಂದು ಕೇಳಿದ್ದಕ್ಕೆ ವಾರವೆಲ್ಲ ನಕ್ಕಿರಿ. ನಿನ್ನೆ ನಿಮ್ಮ ಈಸ್ಟ್ ಹ್ಯಾಮ್ ಹುಡುಗಿಯರನ್ನು ನಮ್ಮ ಹುಡುಗಿಯರು ಹೇಗೆ ಸೋಲಿಸಿದರು ಎನ್ನುವುದರಲ್ಲೂ ನಿಮ್ಮ ಪಾಲಿದೆ. ಅದನ್ನೇ ಬರೆಯುತ್ತಿದ್ದೇನೆ.

ನನಗಿದ್ದದ್ದು ಈ ಒಂದೇ ಪಂದ್ಯ. ಚೆಂಡು ನಮ್ಮ ಕೈಯಲ್ಲಿದ್ದಾಗ ಯಾವ ಆಟ ಹೂಡಬೇಕೆಂದು ಹೇಳುವ ಅಫೆನ್ಸ್ ಕೆಲಸವನ್ನು ಕ್ಲಬ್ಬಿನವರು ಪರೀಕ್ಷೆಗೆಂದು ಕೊಟ್ಟಿದ್ದರು. ಸೋತರೆ ಮತ್ತೆ ನೀರಿನ ಬಾಟಲಿ, ಬ್ಯಾಂಡೇಜು ಹೊರುವ ಹಳೆಯ ಕೆಲಸ. ನಿಮಗೆ ಅದು ಗೊತ್ತಿತ್ತು. ಹೇಸ್‌ನಲ್ಲಿ ನಿಮ್ಮ ಅಕ್ಕ ಸುಗುಣಕ್ಕನ ಮನೆಯಲ್ಲಿ, ನಾವು ಬೇರೆಯಾಗಿ ವರ್ಷವಾದರೂ ಅವರು ಇಬ್ಬರನ್ನೂ ಊಟಕ್ಕೆ ಕರೆಯುವುದು ಬಿಟ್ಟಿಲ್ಲವಲ್ಲ, ಅಲ್ಲಿ ಎಲ್ಲರೆದುರು ನೀವು ಅಂದಿರಿ: ಈ ಪಂದ್ಯ ಒಂದು ಸೋಲಲಿ, ಜ್ಯೋತ್ಸ್ನಾ ಕೋಚ್ ಟೋಪಿನೂ ಬಿಡ್ತಾಳೆ, ಗ್ರೀನ್‌ಫರ್ಡಿನ ರೂಮೂ ಬಿಡ್ತಾಳೆ, ಈಸ್ಟ್ ಹ್ಯಾಮ್‌ಗೆ ವಾಪಸ್ ಬರ್ತಾಳೆ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆದರೆ ನಾನು ಪಂದ್ಯ ಗೆದ್ದದ್ದು ಅದೇ ಊಟದಲ್ಲಿ. ಸುಗುಣಕ್ಕ ಪಾಯಸದ ಪಾತ್ರೆ ಹಿಡಿದು ನಿಮ್ಮ ಚಿಕ್ಕಪ್ಪನ ಮಗ ದೀಕ್ಷಿತನ ಎದುರು ನಿಂತು, ಇನ್ನೊಂದು ಸೌಟು ಹಾಕಲಾ ಎಂದು ಕೇಳಿದರು. ಅವನು ನಿಮ್ಮ ಮುಖ ನೋಡಿದ. ನೀವು ತಲೆಯಾಡಿಸಿದಿರಿ. ಆಮೇಲೆ ಲೋಟ ಚಾಚಿದ. ಎಂತ ಮಾರಾಯ, ನಿನ್ನ ಹೊಟ್ಟೆ ಅವನ ಹತ್ರ ಉಂಟಾ ಎಂದು ಸುಗುಣಕ್ಕ ಗದರಿದರು. ಮತ್ತೆ ಎಲ್ಲರೂ ನಕ್ಕರು. ಆ ಸಲ ನಾನು ನಗಲಿಲ್ಲ.

ಈ ವರ್ಷ ನೀವು ಮುಖ್ಯ ಕೋಚ್ ಆಗಿ, ಎದುರಾಳಿಯನ್ನು ತಡೆಯುವ ಡಿಫೆನ್ಸ್ ನಡೆಸುವುದನ್ನು ಅವನಿಗೆ ಬಿಟ್ಟಿದ್ದೀರಿ. ನಿನ್ನೆಯದು ಅವನ ಮೊದಲ ಪಂದ್ಯ. ನಾವು ಸಾಲು ನಿಂತ ರೀತಿ ನೋಡಿ, ನಾವು ಚೆಂಡು ಎತ್ತುವ ಮೊದಲೇ, ನಿಮ್ಮ ಹುಡುಗಿಯರು ಎಲ್ಲಿ ನಿಲ್ಲಬೇಕೆಂದು ಅವನು ಗೆರೆಯಾಚೆಯಿಂದ ಕೈಸನ್ನೆ ಮಾಡಬೇಕು. ಹೊಸಬ ಸಿಕ್ಕಿದ್ದಾನೆ, ಚಮತ್ಕಾರದ ಆಟಗಳನ್ನು ಹೂಡೋಣ ಎಂದು ನಮ್ಮವರು ಕುಣಿದರು. ಬೇಡ ಎಂದೆ. ಹೊಸಬನಿಗೆ ಆಟ ತಿಳಿಯದು ಎಂದುಕೊಳ್ಳುವುದು ತಪ್ಪು. ದೀಕ್ಷಿತನಿಗೆ ನನಗಿಂತ ಹೆಚ್ಚು ತಿಳಿದಿದೆ. ತಿಳಿದದ್ದನ್ನು ಯಾರನ್ನೂ ಕೇಳದೆ ಹೇಳಿಬಿಡುವ ರೂಢಿ ಮಾತ್ರ ಅವನಿಗಿಲ್ಲ. ಬಿಡುವು ಕೊಟ್ಟರೆ ಆ ಕೊರತೆ ಕಾಣುವುದೇ ಇಲ್ಲ.

ಮೊದಲ ಅರ್ಧ ಬಿಡುವು ಕೊಟ್ಟೆವು, ಖಚಿತಪಡಿಸಿಕೊಳ್ಳಲು. ನಮ್ಮ ಕ್ವಾರ್ಟರ್‌ಬ್ಯಾಕ್ ಶನೀಸ್, ಚೆಂಡು ಮೊದಲು ಸೇರುವುದು ಅವಳ ಕೈಗೇ ತಾನೇ, ಪ್ರತಿ ಸಲ ಚೆಂಡು ಎತ್ತುವ ಮುಂಚೆ ಎಲ್ಲರನ್ನೂ ಗುಂಪು ಸೇರಿಸಿ ಸಾವಕಾಶ ಮಾತಾಡಿದಳು. ದೀಕ್ಷಿತ ನಮ್ಮನ್ನು ನೋಡುತ್ತಿದ್ದ, ತಿರುಗಿ ನಿಮ್ಮನ್ನು ನೋಡುತ್ತಿದ್ದ, ನೀವು ತಲೆಯಾಡಿಸಿದ ಮೇಲೆ ಅವನ ಕೈ ಏಳುತ್ತಿತ್ತು. ಪ್ರತಿ ಸಲವೂ. ಅಷ್ಟರಲ್ಲಿ ನೀವು ಎರಡು ಟಚ್‌ಡೌನ್ ಗಳಿಸಿ ಹದಿನಾಲ್ಕು ಅಂಕ ಮುಂದಿದ್ದಿರಿ. ನಮ್ಮ ಮುಖ್ಯ ಕೋಚ್ ಮಾರ್ಟಿನ್ ನನ್ನನ್ನು ಪಕ್ಕಕ್ಕೆ ಕರೆದು, ನೋಡುವುದು ಮುಗಿದಿದ್ದರೆ ಸ್ವಲ್ಪ ಆಡೋಣವೇ ಎಂದರು.

ಶನೀಸ್‌ಗೆ ಹೇಳಿದೆ: ಇನ್ನು ಗುಂಪು ಸೇರುವುದು ಬೇಡ. ಬಿದ್ದಲ್ಲಿಂದ ಎದ್ದು ನೇರ ಸಾಲಿಗೆ ನಿಲ್ಲಿ. ಆ ಹುಡುಗ ಬೆನ್ನು ತಿರುಗಿಸಿದ ಕ್ಷಣ ಚೆಂಡು ಎತ್ತು. ಅವಳು ವಾರವೆಲ್ಲ ಬಸ್ ಓಡಿಸುವವಳು. ಓಡಿಬರುತ್ತಿರುವವನನ್ನು ಕನ್ನಡಿಯಲ್ಲಿ ಕಂಡೂ ಬಾಗಿಲು ಹಾಕಿ ಹೊರಡಬೇಕು ಅಷ್ಟೇ ತಾನೇ, ಅದು ನನ್ನ ದಿನದ ಕೆಲಸ ಎಂದಳು.

ಅವನು ತಿರುಗಿದ. ನಾವು ಹೊರಟೆವು. ನಿಮ್ಮ ಅರ್ಧ ಜನ ಹಳೆಯ ಸನ್ನೆಯಂತೆ ನಿಂತಿದ್ದರು, ಉಳಿದರ್ಧ ಹೊಸ ಸನ್ನೆಗೆ ಕಾಯುತ್ತಿದ್ದರು. ನಡುವೆ ಗೇಟು ತೆರೆದಿಟ್ಟ ಹಾಗಿತ್ತು. ಮೊದಲ ಟಚ್‌ಡೌನ್ ಅಲ್ಲಿಂದಲೇ.

ಮುಂದಿನದನ್ನು ಹೂಡಿದ್ದು ನಿಮಗಾಗಿ. ಒಮ್ಮೆ ವಿಮಾನ ತಪ್ಪಿದ ಮೇಲೆ ನೀವು ಸಂಜೆಯ ವಿಮಾನಕ್ಕೂ ಬೆಳಗಿನ ಇಡ್ಲಿ ಕಟ್ಟಿಕೊಂಡು ಹೀಥ್ರೂ ಸೇರುವವರು. ಪೆಟ್ಟು ಬಿದ್ದ ಜಾಗವನ್ನೇ ಕಾಯುತ್ತೀರಿ. ಅದಕ್ಕೇ ಒಂದು ಉದ್ದನೆಯ ಎಸೆತ ಎಸೆಸಿದೆ. ಸಿಕ್ಕಿತು, ಎರಡನೆಯ ಟಚ್‌ಡೌನ್. ಕೂಡಲೇ ನೀವು ದೀಕ್ಷಿತನ ಭುಜ ಹಿಡಿದು, ಎಲ್ಲರನ್ನೂ ಹಿಂದಕ್ಕೆ ಕಳಿಸಲು ಹೇಳಿದಿರಿ. ಆಮೇಲೆ ನಾವು ದೂರಕ್ಕೆ ಎಸೆಯಲೇ ಇಲ್ಲ. ಖಾಲಿಯಾದ ನಡುಭಾಗದಲ್ಲಿ ಚೆಂಡು ಹಿಡಿದು ಓಡಿದೆವು, ಮತ್ತೆ ಓಡಿದೆವು, ಮೂರನೆಯ ಟಚ್‌ಡೌನ್ ತನಕ. ಇಪ್ಪತ್ತು–ಹದಿನಾಲ್ಕು. ಶನೀಸ್ ನನ್ನನ್ನು ಅಕ್ಕಿಮೂಟೆಯಂತೆ ಹೆಗಲಿಗೆ ಹಾಕಿಕೊಂಡು ಮೈದಾನ ಸುತ್ತಿದಳು. ಎಲ್ಲರೆದುರು ಅಷ್ಟು ಜೋರಾಗಿ ನಾನು ಎಂದೂ ಕೂಗಿರಲಿಲ್ಲ.

ನಿಮ್ಮ ತಲೆ ಆಡಲು ಎಷ್ಟು ಹೊತ್ತು ಬೇಕು ಎಂದು ಬೇರೆ ಯಾವ ಕೋಚ್‌ಗೂ ತಿಳಿದಿರಲು ಸಾಧ್ಯವಿಲ್ಲ. ಎಂಟು ವರ್ಷ ನಾನು ಅದನ್ನು ಕಾದಿದ್ದೇನೆ. ಕಿಟಕಿ ಪರದೆಯ ಬಣ್ಣಕ್ಕೆ, ಜಿಪಿ ಡಾಕ್ಟರ ಹತ್ತಿರ ಹೋಗಲೋ ಬೇಡವೋ ಎನ್ನುವುದಕ್ಕೆ. ಹಂಗೇರಿಯಿಂದ ಅನುವಾದವಾದ ಕಾದಂಬರಿಯೊಂದು ಹೇಗಿತ್ತು ಎಂದು ಯಾರೋ ಕೇಳಿದಾಗಲೂ ನಿಮ್ಮತ್ತ ನೋಡಿದೆ. ನೀವು ಅದನ್ನು ಓದಿರಲೂ ಇಲ್ಲ. ನೀವು ಬೇಡ ಎಂದದ್ದು ಕಡಿಮೆ. ಹೆಚ್ಚು ಕಡಿಮೆ ಎಲ್ಲದಕ್ಕೂ ತಲೆಯಾಡಿಸಿದ್ದೀರಿ. ಅದಕ್ಕೇ ಮನೆ ಬಿಟ್ಟದ್ದೇಕೆ ಎಂದು ಯಾರಿಗೂ ವಿವರಿಸಲು ನನಗಾಗಲಿಲ್ಲ.

ಇಡೀ ಋತುವಿಗೆ ಅಫೆನ್ಸ್ ನೀನೇ ನೋಡಿಕೊಳ್ಳುತ್ತೀಯಾ ಎಂದು ಮಾರ್ಟಿನ್ ಕೇಳಿದರು. ಬುಧವಾರ ಹೇಳುತ್ತೇನೆ ಎಂದುಬಿಟ್ಟೆ. ಮನೆಗೆ ನಡೆಯುವಾಗ, ಯಾರನ್ನು ಕೇಳಿ ಹೇಳಬೇಕಿತ್ತು ಎಂದು ನನಗೇ ನಗು ಬಂತು. ಬುಧವಾರ ಹೌದು ಎನ್ನುತ್ತೇನೆ. ಈಸ್ಟ್ ಹ್ಯಾಮ್‌ಗೆ ವಾಪಸ್ ಬರುವುದಿಲ್ಲ. ಸಿಟ್ಟಿನಿಂದ ಹೇಳುತ್ತಿಲ್ಲ, ಗೆದ್ದ ಖುಷಿಯಲ್ಲೂ ಅಲ್ಲ. ಪಂದ್ಯ ಸೋತಿದ್ದರೂ ಇದನ್ನೇ ಬರೆಯುತ್ತಿದ್ದೆ, ಸ್ವಲ್ಪ ಚಿಕ್ಕದಾಗಿ.

ಗ್ರೀನ್‌ಫರ್ಡ್ ತಂಡದ ಅಫೆನ್ಸ್ ಕೋಚ್,
ಜ್ಯೋತ್ಸ್ನಾ

ಮತ್ತೊಂದು: ಇದನ್ನು ಬರೆಯದೆ ಬಿಡೋಣ ಎಂದುಕೊಂಡಿದ್ದೆ. ಆಟ ಮುಗಿಯುತ್ತ ಬಂದಾಗ ನೀವು ನಮ್ಮನ್ನು ಒಮ್ಮೆ ಪೂರ್ತಿ ತಡೆದಿರಿ. ದೀಕ್ಷಿತ ತಿರುಗಿದಾಗ ನೀವು ಅವನಿಗೆ ಬೆನ್ನು ಹಾಕಿ ಮರಗಳನ್ನು ನೋಡುತ್ತ ನಿಂತಿದ್ದಿರಿ. ಅವನು ತಾನೇ ಕೈ ಎತ್ತಿದ, ನಾನು ನಿರೀಕ್ಷಿಸದ ಸನ್ನೆ; ಶನೀಸ್ ಚೆಂಡಿನ ಸಮೇತ ನೆಲಕ್ಕೆ ಬಿದ್ದಳು. ಸೋಲು ನೋಡಲಾಗದೆ ಮುಖ ತಿರುಗಿಸಿದಿರಿ ಎಂದುಕೊಂಡೆ. ಇವತ್ತು ಬೆಳಿಗ್ಗೆ ದೀಕ್ಷಿತ ಫೋನ್ ಮಾಡಿದ್ದ. ಅಣ್ಣ ಬೇಕಂತಲೇ ತಿರುಗಿ ನಿಂತದ್ದು ಅತ್ತಿಗೆ, ‘ನನ್ನ ಮುಖ ನೋಡ್ಬೇಡ ಮಾರಾಯ, ಜ್ಯೋತ್ಸ್ನಾ ಅದನ್ನೇ ಕಾಯ್ತಾ ಇದ್ದಾಳೆ’ ಅಂದ್ರು ಎಂದ. ಎಂಟು ವರ್ಷದಲ್ಲಿ ಕಾಣದ್ದು ನಿಮಗೆ ಆಟದ ನಡುವೆ ಕಂಡಿದೆ. ಮುಂದಿನ ಭಾನುವಾರ ನಿಮ್ಮನ್ನು ಇಲ್ಲಿಗೆ ಊಟಕ್ಕೆ ಕರೆಯುವುದೆಂದು ನಿರ್ಧರಿಸಿದ್ದೇನೆ. ಇನ್ನೂ ಕರೆದಿಲ್ಲ; ಈ ಕಾಗದವನ್ನೇ ಕರೆ ಎಂದು ತಿಳಿಯಬೇಡಿ. ಶನಿವಾರ ನಾನೇ ಫೋನ್ ಮಾಡುತ್ತೇನೆ.